ಅನ್ನಮ್ಮನವರ ನಕ್ಷತ್ರಗಳ ಲೆಕ್ಕ

ಅನ್ನಮ್ಮನವರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಒದ್ದೆ ಗೋಣಿತಟ್ಟು. ರಾಯಚೂರಿನ ನಮ್ಮ ಕಾಲೇಜಿನ ಹಿಂದಿನ ಸಾಲಿನಲ್ಲಿ ಮುರಿದ ಬೆಂಚುಗಳನ್ನು ಒಟ್ಟುತ್ತಿದ್ದ ಒಂದು ಕೋಣೆ ಇತ್ತು. ಅವರು ಅದನ್ನು ಪ್ರಿನ್ಸಿಪಾಲರಿಂದ ಬೇಡಿ ಪಡೆದು, ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸಿ ತಂಪಾಗಿಡುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲಿ ಅವರ ಆ ಪಾಡು ನೋಡಿ ಸ್ಟಾಫ್ ರೂಮಿನಲ್ಲಿ ನಾವೆಲ್ಲ ನಗುತ್ತಿದ್ದೆವು. "ಒಳಗೇನು ಬೆಣ್ಣಿ ಇಟ್ಟಾರೇನು ಅಕ್ಕೋರು?" ಎಂದು ಕೇಳಿದವನು ನಾನೇ. ನಾನು ಗಣಿತದ ಮಹಾಂತಯ್ಯ. ತಪ್ಪು ಹುಡುಕುವುದು ನನ್ನ ಕೆಲಸ, ಸ್ವಭಾವವೂ ಹೌದು. ಈ ಕತೆಯಲ್ಲಿ ತಪ್ಪು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಅವರು ಮಾನ್ವಿಯ ಅಕ್ಕಿ ಗಿರಣಿಯ ಗಡಿಗೆಪ್ಪನವರ ಮಗಳು. ಕೊರಳಲ್ಲಿ ಲಿಂಗದ ಕರಡಿಗೆ, ದಪ್ಪ ಕನ್ನಡಕ, ಎರಡೇ ಬಣ್ಣದ ಸೀರೆಗಳು. ಬೊಂಬಾಯಿಯಲ್ಲಿ ಎಂಟು ವರ್ಷ ಸಂಶೋಧನೆ ಮಾಡಿ, ೧೯೭೨ರಲ್ಲಿ ನಮ್ಮಲ್ಲಿಗೆ ಪದಾರ್ಥವಿಜ್ಞಾನ ಕಲಿಸಲು ಬಂದರು. ಅಷ್ಟು ದೊಡ್ಡ ಜಾಗ ಬಿಟ್ಟು ಇಲ್ಲಿಗೇಕೆ ಬಂದಿರಿ ಎಂದು ಕೇಳಿದರೆ, "ಗಾಜು ರೈಲಿನ್ಯಾಗ ಬರ್ತಾವ್ರಿ, ನಾನ್ಯಾಕ ಅಲ್ಲೇ ಕುಂದರಬೇಕು?" ಎನ್ನುತ್ತಿದ್ದರು.

ಆ ಗಾಜೇ ಅವರ ಬದುಕು. ಅಂಗೈಯಗಲದ ಗಾಜಿನ ಮೇಲೆ ಫೋಟೋ ಫಿಲ್ಮಿನಂಥ ಲೇಪ, ಆದರೆ ಅದಕ್ಕಿಂತ ಬಹಳ ದಪ್ಪ. ಅಣುವಿಗಿಂತ ಸಣ್ಣ ಕಣವೊಂದು ಅದರೊಳಗೆ ಹಾದುಹೋದರೆ ದಾರಿಯುದ್ದಕ್ಕೂ ಕರಿ ಚುಕ್ಕೆಗಳ ಸಾಲು ಉಳಿಯುತ್ತದೆ. ಕಣ ಹೋಗಿ ಬೇರೊಂದಕ್ಕೆ ಬಡಿದು ಒಡೆದರೆ ನಾಲ್ಕು ಕಡೆಗೂ ಗೆರೆಗಳು ಚೆಲ್ಲುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಕ್ಷತ್ರದ ಹಾಗೆ ಕಾಣುವುದರಿಂದ ಆ ಕೆಲಸದವರು ಅದನ್ನು ನಕ್ಷತ್ರ ಎಂದೇ ಕರೆಯುತ್ತಾರೆ. ವಿದೇಶದ ಯಾವುದೋ ದೊಡ್ಡ ಯಂತ್ರದ ಮುಂದೆ ಹಿಡಿದು ತೊಳೆದ ಗಾಜುಗಳನ್ನು ಆರು ಪ್ರಯೋಗಾಲಯಗಳು ಹಂಚಿಕೊಂಡಿದ್ದವು. ಐದು ದೊಡ್ಡ ಊರುಗಳಲ್ಲಿದ್ದವು, ಆರನೆಯದು ನಮ್ಮ ಬೆಂಚಿನ ಕೋಣೆ. ಕಲ್ಯಾಣ ಸೀಮೆಯಲ್ಲಿ ಈ ವಿದ್ಯೆಗೆ ಕೈಹಾಕಿದ ಮೊದಲಿಗರು ಅವರೇ ಎಂದು ನನಗೆ ಆಮೇಲೆ ತಿಳಿಯಿತು. ಪ್ರತಿ ಗಾಜಿನಲ್ಲಿ ಎಷ್ಟು ನಕ್ಷತ್ರಗಳಿವೆ, ಅವು ಎಂಥವು ಎಂದು ಎಣಿಸಿ ಬರೆಯುವುದು ಮೊದಲ ಕೆಲಸ. ಆ ನಕ್ಷತ್ರಗಳ ನಡುವೆ, ಹುಟ್ಟಿದ ಕ್ಷಣದಲ್ಲೇ ಸಾಯುವ ಒಂದು ಜಾತಿಯ ಕಣದ ಗುರುತು ಸಿಗುತ್ತದೆಯೇ ಎಂದು ಹುಡುಕುವುದು ಅವರ ಆಸೆ. ಬೊಂಬಾಯಿಯಿಂದಲೂ ಅವರು ಅದನ್ನೇ ಹುಡುಕುತ್ತಿದ್ದರು.

ಎಣಿಸಲು ಬಿ.ಎಸ್ಸಿ. ಮುಗಿಸಿದವರನ್ನು ಕರೆತಂದು ಕೂರಿಸಿದರು. ಮೂವರು ಬಂದರು, ಮೂವರೂ ತಲೆನೋವೆಂದು ಹೋದರು. ಒಮ್ಮೆ ನಾನೂ ಇಣುಕಿದೆ. ನನಗೆ ಕಂಡದ್ದು ನನ್ನ ಕಣ್ಣಿನ ರೆಪ್ಪೆ ಮಾತ್ರ.

೧೯೭೬ರ ಮಳೆಗಾಲದಲ್ಲಿ ಆ ಕೋಣೆಯ ಮುಂದೆ ಅವರು ನೆಟ್ಟಿದ್ದ ಕರಿಬೇವಿನ ಸಸಿಯನ್ನು ಯಾವುದೋ ಪ್ರಾಣಿ ತಿಂದುಹೋಯಿತು. ಜವಾನ ಪಕ್ಕದ ಓಣಿಯ ಆಡನ್ನು ಬೈಯತೊಡಗಿದ. ಆಗಷ್ಟೇ ಕಸ ಗುಡಿಸಲು ಸೇರಿದ್ದ ಯಮನಮ್ಮ ಎಂಬ ಹೆಣ್ಣುಮಗಳು ಕೆಸರಿನಲ್ಲಿ ಮೂಡಿದ್ದ ಹೆಜ್ಜೆ ನೋಡಿ, "ಆಡಲ್ರಿ, ಕುರಿ. ಗಬ್ಬ ಅದ. ಹಿಂದಿನ ಬಲಗಾಲು ಊರಂಗಿಲ್ಲ" ಎಂದಳು. ಸಂಜೆ ಗೇಟಿನ ಹತ್ತಿರ ನಿಂತಿದ್ದ ಬಸುರಿ ಕುರಿ ಕುಂಟುತ್ತಲೇ ಇತ್ತು. ಯಮನಮ್ಮ ದೇವದುರ್ಗದ ಕಡೆಯ ಗೂಗಲ್ಲಿನ ಕುರುಬರ ಮಗಳು. ಗಂಡ ಸಾಬಣ್ಣ ಗಂಜಿನ ದವಸದ ಮಾರುಕಟ್ಟೆಯಲ್ಲಿ ಹಮಾಲಿ.

ಮರುದಿನ ಅನ್ನಮ್ಮನವರು ಅವಳ ಕೈಯಿಂದ ಪೊರಕೆ ತೆಗೆದಿಟ್ಟು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಏನ್ ಕಾಣ್ತದ?"

"ಹೆಜ್ಜಿ ಅವ್ರಿ ಅಕ್ಕೋರ. ಇಲ್ಲಿ ತೆಳ್ಳಗ ಅವ, ಇದು ಜೋರ್ ಓಡ್ಯಾದ. ಇಲ್ಲಿ ಒತ್ತೊತ್ತಿ ಇಟ್ಟಾದ, ಇದು ದಣದಾದ. ಅಗಾ, ಇಲ್ಲಿ ನಿಂತೇ ಬಿಟ್ಟಾದ."

ವೇಗದ ಕಣ ತೆಳುವಾದ ಗೆರೆ ಬಿಡುತ್ತದೆ, ನಿಧಾನವಾದದ್ದು ದಪ್ಪ ಗೆರೆ. ಅದನ್ನು ಕಣ್ಣಿಗೆ ರೂಢಿಸಿಕೊಳ್ಳಲು ತಮಗೆ ಬೊಂಬಾಯಿಯಲ್ಲಿ ಎರಡು ತಿಂಗಳು ಬೇಕಾಯಿತು ಎಂದು ಅನ್ನಮ್ಮನವರು ಅಂದು ಸ್ಟಾಫ್ ರೂಮಿಗೆ ಬಂದು ಹೇಳಿದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಯಮನಮ್ಮನಿಗೆ ಓದು ಬರುತ್ತಿರಲಿಲ್ಲ. ಅನ್ನಮ್ಮನವರು ಅವಳಿಗೆ ನೂರರವರೆಗೆ ಅಂಕಿ ಕಲಿಸಿದರು. ಪ್ರತಿ ಗಾಜಿಗೂ ಅದೇ ಅಳತೆಯ ಚೌಕುಳಿ ಕಾಗದ. ನಕ್ಷತ್ರ ಕಂಡ ಚೌಕದಲ್ಲಿ ಅವಳೊಂದು ಗೀಟು ಹಾಕಿ, ಕೊನೆಗೆ ಒಟ್ಟು ಸಂಖ್ಯೆ ಬರೆಯಬೇಕು. ದಿನದ ಕೂಡಿಕೆ, ಸರಾಸರಿ ಎಲ್ಲ ನನ್ನ ಪಾಲಿಗೆ ಬಂತು. ಬೈಯುತ್ತಲೇ ಮಾಡುತ್ತಿದ್ದೆ. ಆ ಕಾಗದಗಳ ಮೇಲೆ ಒಂದು ಹಳದಿ ಕಲೆ ಇರುತ್ತಿತ್ತು, ಸಾಸಿವೆ ಕಾಳಿನಷ್ಟು. ಒಂದರಲ್ಲಲ್ಲ, ಎಲ್ಲದರಲ್ಲೂ. "ಇದು ಲ್ಯಾಬೋ, ಊಟದ ಮನಿಯೋ? ಕಾಗದಕ್ಕೆಲ್ಲ ಅರಿಷಿಣ ಬಡದಾದ" ಎಂದು ನಾನು ಜಗಳ ತೆಗೆದೆ. ಅನ್ನಮ್ಮನವರು ಬಾಗಿಲಿಗೆ 'ಒಳಗೆ ತಿನ್ನಬಾರದು' ಎಂದು ಬರೆದು ಹಚ್ಚಿ, ಯಮನಮ್ಮನಿಗೆ ಓದಿ ಹೇಳಿದರು. ಅವಳು ತಲೆಯಾಡಿಸಿದಳು. ಕಲೆ ಇನ್ನೂ ಸಣ್ಣದಾಯಿತು, ಹೋಗಲಿಲ್ಲ.

ನನಗೆ ಅವಳ ಮೇಲೆ ಇನ್ನೊಂದು ಅನುಮಾನವೂ ಇತ್ತು. ಕೆಲಸದ ಅರ್ಜಿ ತುಂಬುವಾಗ ಮಕ್ಕಳೆಷ್ಟು ಎಂದು ಕೇಳಿದರೆ ಎರಡು ಎಂದಿದ್ದಳು. ಆಗಸ್ಟ್ ಹದಿನೈದರ ಪೇಢೆ ಇಸಿದುಕೊಳ್ಳಲು ಅವಳ ಹಿಂದೆ ಬಂದವರು ಮೂವರು, ಹನುಮಂತ್ರಾಯ, ಬೀರಪ್ಪ, ಕಂಕುಳಲ್ಲಿ ಜಂಬಮ್ಮ ಎಂಬ ಕೂಸು. ತನ್ನ ಮಕ್ಕಳ ಸಂಖ್ಯೆಯನ್ನೇ ತಪ್ಪು ಹೇಳುವವಳು ನಕ್ಷತ್ರ ಎಣಿಸುತ್ತಾಳಂತೆ ಎಂದು ನಾನು ಆಡಿಕೊಂಡೆ. ಅದು ಅನ್ನಮ್ಮನವರ ಕಿವಿಗೂ ಬಿತ್ತು.

ಮುಂದಿನ ಬೇಸಿಗೆಯಲ್ಲಿ ಗೋಣಿತಟ್ಟಿಗೂ ಬಗ್ಗದ ಸೆಕೆ. ಲೇಪ ಮೆತ್ತಗಾಗಿ ಗಾಜಿನಿಂದ ಏಳುವ ಭಯಕ್ಕೆ ಅನ್ನಮ್ಮನವರು ಗಾಜು, ಸೂಕ್ಷ್ಮದರ್ಶಕ, ಯಮನಮ್ಮ ಮೂರನ್ನೂ ಬಸ್ಸಿಗೆ ಹತ್ತಿಸಿಕೊಂಡು ಮಾನ್ವಿಗೆ ಹೋದರು. ತಂದೆಯ ಭತ್ತದ ಗೋದಾಮಿನ ಗೋಡೆ ಮೊಳದಷ್ಟು ದಪ್ಪ, ಒಳಗೆ ತಂಪು. ಆದರೆ ಪಕ್ಕದಲ್ಲೇ ಗಿರಣಿ. ಅದು ಶುರುವಾದರೆ ನೆಲ ಅದುರಿ ನಕ್ಷತ್ರಗಳೆಲ್ಲ ಕುಣಿಯುತ್ತಿದ್ದವು. ಗಡಿಗೆಪ್ಪನವರು ಎರಡು ದಿನ ನೋಡಿದರು. ಮೂರನೆಯ ದಿನ ಊಟದ ಹೊತ್ತಿನಿಂದ ಎರಡು ತಾಸು ಗಿರಣಿ ನಿಲ್ಲಿಸಲು ಹೇಳಿ, ಭತ್ತ ತಂದು ಕಾದ ರೈತರಿಗೆ, "ನಮ್ಮ ಅನ್ನಮ್ಮ ಒಳಗ ಚುಕ್ಕಿ ಎಣಿಸಾಕತ್ಯಾಳ, ಸ್ವಲ್ಪ ಕುಂದರ್ರಿ" ಎಂದರಂತೆ. ಆ ಎರಡು ತಿಂಗಳು ತಮ್ಮ ಬಾಳಿನ ಅತ್ಯಂತ ಸುಖದ ದಿನಗಳು ಎಂದು ಅನ್ನಮ್ಮನವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಮಗಳು ಮದುವೆಯಾಗಲಿಲ್ಲ ಎಂಬ ಕೊರಗನ್ನು ಗಡಿಗೆಪ್ಪನವರು ಆ ಬೇಸಿಗೆಯಲ್ಲಿ ಬಿಟ್ಟರೆಂದು ಕಾಣುತ್ತದೆ. ಮುಂದಿನ ವರ್ಷ ಅವರು ತೀರಿಕೊಂಡರು.

ನಾಲ್ಕು ವರ್ಷಗಳಲ್ಲಿ ನೂರಾ ಅರವತ್ತನಾಲ್ಕು ಗಾಜುಗಳು ಮುಗಿದವು. ೧೯೮೦ರ ಆಗಸ್ಟಿನಲ್ಲಿ ಆರು ಪ್ರಯೋಗಾಲಯಗಳ ಒಟ್ಟು ಕೆಲಸ ನೋಡಿಕೊಳ್ಳುವ ಮುಖ್ಯಸ್ಥರಿಂದ ಕಾಗದ ಬಂತು. ಅನ್ನಮ್ಮನವರು ಅದನ್ನು ಓದಿ ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತರು. ಉಳಿದ ಐದು ಕಡೆಯ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುತ್ತವೆ. ರಾಯಚೂರಿನ ಲೆಕ್ಕ ಮಾತ್ರ ಪ್ರತಿ ಸಲವೂ ಕಡಿಮೆ. ದೊಡ್ಡ ನಕ್ಷತ್ರಗಳಂತೂ ತೀರ ಕಡಿಮೆ. ದೀಪಾವಳಿಯೊಳಗೆ ಕಾರಣ ತಿಳಿಸದಿದ್ದರೆ ರಾಯಚೂರಿನ ಗಾಜುಗಳನ್ನು ಕೈಬಿಟ್ಟು ಫಲಿತಾಂಶ ಪ್ರಕಟಿಸಲಾಗುವುದು. ಅಂದರೆ ಆ ನಾಲ್ಕು ವರ್ಷದ ಕೆಲಸ ನಡೆದೇ ಇಲ್ಲ ಎಂದು ಬರೆದಂತೆ. ಬೆಂಚಿನ ಕೋಣೆಗೆ ಇನ್ನೊಂದು ಗಾಜು ಯಾರೂ ಕಳಿಸುವುದಿಲ್ಲ.

ನಾನು ಯಮನಮ್ಮನ ಬಳಿ ಹೋಗಿ, ಲೆಕ್ಕ ತಪ್ಪಿದೆ, ಅದು ಸರಿಯಾಗುವವರೆಗೆ ನೀನು ಕೋಣೆಗೆ ಬರಬೇಡ ಎಂದೆ. ನನಗೆ ಹಾಗೆ ಹೇಳುವ ಅಧಿಕಾರವೇನೂ ಇರಲಿಲ್ಲ. ಅವಳು ಮಕ್ಕಳನ್ನು ಕರೆದುಕೊಂಡು ಗೂಗಲ್ಲಿಗೆ ತವರಿಗೆ ಹೋದಳು. ಅನ್ನಮ್ಮನವರಿಗೆ ಗೊತ್ತಾದಾಗ ಅವರು ನನ್ನೊಡನೆ ಹದಿನೈದು ದಿನ ಮಾತು ಬಿಟ್ಟರು.

ಆ ದಿನಗಳಲ್ಲಿ ಅವರೊಬ್ಬರೇ ಕೂತು ಹತ್ತು ಗಾಜುಗಳನ್ನು ಮತ್ತೆ ಎಣಿಸಿದರು. ಕೊನೆಗೆ ಕಾಗದಗಳ ಕಂತೆ ತಂದು ನನ್ನ ಮುಂದಿಟ್ಟರು. "ನೀವು ಗಣಿತದವರು, ಹೇಳ್ರಿ." ಹದಿನೆಂಟು ನಕ್ಷತ್ರಗಳಿದ್ದ ಗಾಜಿನಲ್ಲಿ ಯಮನಮ್ಮ ಬರೆದದ್ದು ಹದಿನೇಳು. ನಲವತ್ತು ಇದ್ದಲ್ಲಿ ಮೂವತ್ತೊಂಬತ್ತು. ಹತ್ತಕ್ಕೆ ಹತ್ತರಲ್ಲೂ ಒಂದೇ ಒಂದು ಕಡಿಮೆ, ಮತ್ತು ಬಿಟ್ಟುಹೋದದ್ದು ಪ್ರತಿ ಸಲವೂ ಆ ಗಾಜಿನ ಅತಿ ದೊಡ್ಡ ನಕ್ಷತ್ರ. ದಣಿದ ಕಣ್ಣು ಸಣ್ಣದನ್ನು ಬಿಡುತ್ತದೆ, ಅದು ಸಹಜ. ಎಲ್ಲಕ್ಕಿಂತ ದೊಡ್ಡದನ್ನೇ ಹುಡುಕಿ ಬಿಡುವ ತಪ್ಪು ನಾನು ಎಲ್ಲೂ ಕಂಡಿರಲಿಲ್ಲ. "ಬೇಕಂತ ಮಾಡ್ಯಾಳ್ರಿ" ಎಂದೆ. "ಹೌದು, ಬೇಕಂತನ ಮಾಡ್ಯಾಳ. ಯಾಕ ಅಂತ ಕೇಳೂಣ ನಡೀರಿ" ಎಂದರು ಅನ್ನಮ್ಮನವರು.

ದೇವದುರ್ಗದಲ್ಲಿ ಬಸ್ಸು ಬದಲಿಸಿ ಗೂಗಲ್ಲಿನಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಅನ್ನಮ್ಮನವರು ಅಲ್ಲಮಪ್ರಭುವಿನ ಗುಡಿಗೆ ನಿಂತಲ್ಲೇ ಕೈಮುಗಿದು, ಹೊಳೆದಂಡೆಯ ಮರಳಿನಲ್ಲಿ ದಡದಡ ನಡೆದರು. ಯಮನಮ್ಮನ ತಂದೆ ಮುದುಕಪ್ಪ ಕುರಿಗಳನ್ನು ಹಟ್ಟಿಗೆ ಹೊಡೆಯುತ್ತಿದ್ದ. ಮುಳ್ಳಿನ ಬೇಲಿಯ ಕಿಂಡಿಯಲ್ಲಿ ಕೋಲು ಅಡ್ಡ ಹಿಡಿದು, ಒಂದೊಂದನ್ನೇ ಮುಟ್ಟಿ ಒಳಗೆ ಬಿಡುತ್ತ ಎಣಿಸುತ್ತಿದ್ದ. ಎಣಿಕೆ ಕಂಡರೆ ನನ್ನ ತಲೆ ಸುಮ್ಮನಿರುವುದಿಲ್ಲ, ನಾನೂ ಮನಸ್ಸಿನಲ್ಲೇ ಎಣಿಸಿದೆ.

"ನಲವತ್ತೊಂದು" ಎಂದ ಮುದುಕಪ್ಪ.

"ನಲವತ್ತೆರಡು" ಎಂದೆ ನಾನು. "ಒಂದು ಬಿಟ್ಟೀರಿ."

ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಬಿಟ್ಟಿಲ್ಲರೀ ಅಯ್ಯನೋರ. ಅದು ಎಣಕಿಗೆ ಬರಂಗಿಲ್ಲ. ಅದು ಬೀರಪ್ಪ ದೇವರದು."

ಕೋಲಿನಿಂದ ತೋರಿಸಿದ. ಹಿಂಡಿನಲ್ಲೇ ಎತ್ತರದ, ಮೈತುಂಬಿದ ಟಗರು. ಕೊರಳಲ್ಲಿ ಗಂಟೆ, ಹಣೆಯ ಮೇಲೆ ಭಂಡಾರದ ಬೊಟ್ಟು. ದೇವರಿಗೆ ಹಚ್ಚುವ ಆ ಅರಿಶಿನಪುಡಿಯ ಬೊಟ್ಟನ್ನು ನಾನು ಹತ್ತಿರ ಹೋಗಿ ನೋಡಿದೆ. ಹಿಂಡಿನಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಬೀರಪ್ಪನಿಗೆ ಬಿಟ್ಟು, ಉಳಿದದ್ದನ್ನಷ್ಟೇ ನಮ್ಮದೆಂದು ಎಣಿಸುವುದು ಅವರ ಮನೆತನದ ರೂಢಿಯಂತೆ. ಅದನ್ನೂ ಎಣಿಸಿದರೆ ಹಿಂಡಿಗೆ ಕಣ್ಣು ತಾಗುತ್ತದೆ. ಗುಡಿಸಲಿನ ಬಾಗಿಲಲ್ಲಿ ಯಮನಮ್ಮ ಜಂಬಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಹುಟ್ಟಿದಾಗ ಉಳಿಯುವುದಿಲ್ಲ ಎಂದು ಎಲ್ಲರೂ ಅಂದಿದ್ದ ಆ ಕೂಸನ್ನು ಅವಳು ಬೆಳೆದು ಗಟ್ಟಿಯಾಗುವವರೆಗೆ ದೇವರಿಗೆ ಬಿಟ್ಟಿದ್ದಳು, ಅದಕ್ಕೇ ಮಕ್ಕಳು ಎರಡು ಎಂದಿದ್ದಳು. ನನ್ನ ಆಡಿಕೆಯ ಮಾತುಗಳೆಲ್ಲ ನೆನಪಾಗಿ ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಅನ್ನಮ್ಮನವರು ಹತ್ತಿರ ಹೋದರು. "ಯಮನಮ್ಮ, ಕಾಗದದ ಮ್ಯಾಲಿನ ಹಳದಿ ಚುಕ್ಕಿ?"

"ಭಂಡಾರ ರೀ ಅಕ್ಕೋರ." ಸೆರಗಿನ ತುದಿಯ ಗಂಟು ತೋರಿಸಿದಳು. "ದೇವರದು ಯಾವ ಮನ್ಯಾಗ ಅದ ಅಂತ ಗುರ್ತು ಇಡಬೇಕಲ್ರಿ. ಎಣಸಂಗಿಲ್ಲ ಅಂದ್ರ ಕಳಕೊಳ್ಳಂಗಿಲ್ಲರಿ. ಅದನ್ನ ಎಲ್ಲದಕ್ಕಿಂತ ಜ್ವಾಕಿ ಮಾಡ್ಬೇಕು."

"ಒಂದು ಮಾತು ಹೇಳಬಾರದಾ ನನಗ?"

"ನೀವು ಕೇಳ್ಲಿಲ್ರಿ. ಒಳಗ ಉಣಬ್ಯಾಡ ಅಂದ್ರಿ. ನಾ ಅಲ್ಲಿ ಎಂದೂ ಉಂಡಿಲ್ರಿ."

ಅನ್ನಮ್ಮನವರು ಅಲ್ಲೇ ಒರಳುಕಲ್ಲಿನ ಮೇಲೆ ಕುಳಿತುಬಿಟ್ಟರು. ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೂರಾ ಅರವತ್ತನಾಲ್ಕು ನಕ್ಷತ್ರಗಳಲ್ಲಿ ಒಂದೂ ಕಳೆದಿರಲಿಲ್ಲ. ಒಂದೊಂದರ ಮನೆಯೂ, ಅದು ಇದ್ದ ಚೌಕವೂ, ಕಾಗದದ ಮೇಲೆ ಅರಿಶಿನದಲ್ಲಿ ಗುರುತಾಗಿತ್ತು, ನಾವಿಬ್ಬರೂ ಅದನ್ನು ಎಂಜಲೆಂದು ನಿಲ್ಲಿಸಲು ನೋಡಿದ್ದೆವು.

ಆದರೆ ಕೆಲಸ ಮುಗಿದಿರಲಿಲ್ಲ. ಅವನ್ನೆಲ್ಲ ಈಗ ಲೆಕ್ಕಕ್ಕೆ ಸೇರಿಸಬೇಕು ಎಂದಾಗ ಯಮನಮ್ಮ ತಲೆ ತಗ್ಗಿಸಿದಳು. "ಕೊಟ್ಟದ್ದನ್ನ ನಾ ಹೆಂಗ ಎಣಿಸ್ಲಿ ಅಕ್ಕೋರ? ನನ್ನ ಬಾಯಾಗ ಆ ಅಂಕಿ ಬರಂಗಿಲ್ಲ. ಬ್ಯಾರೆಯವರನ್ನ ಇಟ್ಕೊಳ್ರಿ." ಜಂಬಮ್ಮನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅವಳು ಹೆದರಿದ್ದು ಯಾವುದಕ್ಕೆ ಎಂದು ನನ್ನಂಥ ಒರಟನಿಗೂ ತಿಳಿಯಿತು.

ಅನ್ನಮ್ಮನವರು ಎದ್ದು ಬೇಲಿಯ ಹತ್ತಿರ ಹೋದರು. ಆಮೇಲೆ ಮುದುಕಪ್ಪನನ್ನು ಕೇಳಿದರು, "ಯಪ್ಪಾ, ಈಗ ನಮ್ಮ ಅಯ್ಯನೋರು ನಲವತ್ತೆರಡು ಅಂದ್ರಲ್ಲ, ಅದಕ್ಕ ದೋಷ ಅದ ಏನು?"

"ಅವರಂದಿದ್ದಕ್ಕ ನಮಗೇನ್ರಿ ಯವ್ವಾ. ಸಂತ್ಯಾಗ ಯಾರ್ಯಾರೋ ಎಣಿಸ್ತಾರ. ಹಿಂಡು ಕಾಯೋರ ಬಾಯಾಗ ಬರಬಾರದು, ಅಷ್ಟ."

"ಹಂಗಾದ್ರ ಯಮನಮ್ಮ ಎಣಿಸೋದು ಬ್ಯಾಡ. ಆಕಿ ತನ್ನವನ್ನ ಎಣಿಸ್ಲಿ. ಪಕ್ಕದಾಗ ಆ ಒಂದನ್ನ ನಾ ಬರೀತೀನಿ. ದೇವರದು ದೇವರಿಗೇ ಇರ್ತದ."

ಯಮನಮ್ಮ ತಂದೆಯ ಮುಖ ನೋಡಿದಳು. ಮುದುಕಪ್ಪ ಹೂಂ ಎಂದ. ಆ ದಿನ ನಮಗೆ ಜೋಳದ ರೊಟ್ಟಿ, ಮೊಸರು ಹಾಕಿ, ಕೊನೆಯ ಬಸ್ಸಿಗೆ ಅವನೇ ಬಂದು ಹತ್ತಿಸಿದ.

ರಾಯಚೂರಿಗೆ ಬಂದು ನಾನೊಂದು ಪತ್ರದ ಕರಡು ಮಾಡಿಕೊಟ್ಟೆ. 'ಎಣಿಕೆಯಲ್ಲಿ ಸಣ್ಣ ಲೋಪವಾಗಿತ್ತು, ಸರಿಪಡಿಸಲಾಗಿದೆ.' ಅನ್ನಮ್ಮನವರು ಓದಿ, ಹರಿದು, ಬುಟ್ಟಿಗೆ ಹಾಕಿದರು. ದೊಡ್ಡ ದೊಡ್ಡವರು ನಗುತ್ತಾರೆ, ಮಾನ ಹೋಗುತ್ತದೆ ಎಂದೆ. ಅವರು ಕೇಳಲಿಲ್ಲ. ನಡೆದದ್ದನ್ನು ನಡೆದಂತೆಯೇ ಬರೆದರು, ಬೀರಪ್ಪನ ಹೆಸರೂ ಸೇರಿದಂತೆ. ಕೊನೆಯ ವಾಕ್ಯ ನನಗೆ ಇಂದಿಗೂ ಬಾಯಿಪಾಠ: 'ತಪ್ಪು ನನ್ನದು. ಹೇಗೆ ಎಣಿಸಬೇಕೆಂದು ನಾನು ಆಕೆಗೆ ಕಲಿಸಿದೆ, ಆಕೆ ಹೇಗೆ ಎಣಿಸುತ್ತಾಳೆಂದು ಕೇಳಲಿಲ್ಲ.' ಜೊತೆಗೆ ನೂರಾ ಅರವತ್ತನಾಲ್ಕು ನಕ್ಷತ್ರಗಳ ಪಟ್ಟಿ. ದೀಪಾವಳಿಗೆ ಆರು ದಿನ ಮೊದಲು ಉತ್ತರ ಬಂತು. ಯಾರೂ ನಕ್ಕಿರಲಿಲ್ಲ. ರಾಯಚೂರು ಉಳಿಯಿತು.

ಆ ಪಟ್ಟಿ ಮಾಡುವಾಗ ಇನ್ನೊಂದು ಸಂಗತಿ ನಡೆಯಿತು. ತೊಂಬತ್ತೊಂದನೆಯ ಗಾಜಿನಲ್ಲಿ ಯಮನಮ್ಮ ಭಂಡಾರವಿಟ್ಟದ್ದು ಅಲ್ಲಿನ ಅತಿ ದೊಡ್ಡ ನಕ್ಷತ್ರಕ್ಕಲ್ಲ, ನಡುಗಾತ್ರದ ಒಂದಕ್ಕೆ. ಅನ್ನಮ್ಮನವರು ಅದನ್ನು ನೋಡುತ್ತ ಇದ್ದಕ್ಕಿದ್ದಂತೆ ನನ್ನನ್ನು ಕೂಗಿ ಕರೆದರು. ನಕ್ಷತ್ರದ ಪಕ್ಕದಲ್ಲಿ, ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ದೂರದಲ್ಲಿ, ಇನ್ನೊಂದು ಪುಟ್ಟ ಕವಲು. ಹುಟ್ಟಿದ ಕಣ ಅಷ್ಟೇ ದೂರ ಹೋಗಿ ಸತ್ತ ಗುರುತು. ಹದಿನಾರು ವರ್ಷಗಳಿಂದ ಅವರು ಹುಡುಕುತ್ತಿದ್ದದ್ದು ಅದೇ.

"ದೊಡ್ಡದು ಬಿಟ್ಟು ಇದನ್ನ ಯಾಕ ಆರಿಸಿದ್ದಿ?" ಎಂದು ಕೇಳಿದರು.

"ತಾಯಿ ಬೆನ್ನಿಗೆ ಮರಿ ಇತ್ತಲ್ರಿ" ಎಂದಳು ಯಮನಮ್ಮ.

ಅಲ್ಲಿಂದ ಮುಂದೆ ಪ್ರತಿ ಕಾಗದದ ಕೆಳಗೂ ಯಮನಮ್ಮನ ಅಂಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅನ್ನಮ್ಮನವರ ಕೈಯ ಒಂದು. ಬಾಗಿಲ ಮೇಲಿನ ಬರಹವನ್ನು ಅವರೇ ಕಿತ್ತು ತೆಗೆದರು. ಹೀಗೆ ಇನ್ನೂ ಐದು ವರ್ಷ ನಡೆಯಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅನ್ನಮ್ಮನವರ ಕಣ್ಣಿಗೆ ಇಳಿಯಿತು. ಮೊದಲು ಗೆರೆಗಳು ಮಸುಕಾದವು, ಆಮೇಲೆ ಗಾಜೇ ಮಸುಕಾಯಿತು. ಕಾಲೇಜು ಬಿಟ್ಟರು. ಒಂಟಿ ಹೆಂಗಸು, ಒಲೆಯ ಮುಂದೆ ಹೇಗೆ ನಿಲ್ಲುತ್ತಾರೆ ಎಂದು ನಾವೆಲ್ಲ ಸ್ಟಾಫ್ ರೂಮಿನಲ್ಲಿ ಚಿಂತೆ ಮಾಡುತ್ತ ಕುಳಿತಿದ್ದಾಗ, ಯಮನಮ್ಮ ಗಂಡ ಮಕ್ಕಳೊಂದಿಗೆ ಪಾತ್ರೆ ಪಗಡ ಹೊತ್ತು ಅವರ ಮನೆಗೆ ಬಂದು ಒಲೆ ಹಚ್ಚಿದ್ದಳು.

೧೯೮೭ರಲ್ಲಿ ಒಂದು ಭಾನುವಾರ ನಾನು ಆ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಅನ್ನಮ್ಮನವರು ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಬೆರಳಿನಿಂದಲೇ ಹರಳು ಹುಡುಕುತ್ತಿದ್ದರು. ಹೊಸ ರೇಷನ್ ಕಾರ್ಡಿಗೆಂದು ಜಿಲಾನಿ ಪಾಷಾ ಎಂಬ ಗುಮಾಸ್ತ ಮನೆಮನೆ ಬರೆದುಕೊಳ್ಳುತ್ತ ಬಂದ.

"ಒಂದೇ ಒಲಿ ಮ್ಯಾಲ ಉಣ್ಣೋರು ಎಷ್ಟು ಮಂದಿ ಇದ್ದೀರಿ?"

"ಐದು ಮಂದಿ ರೀ" ಎಂದಳು ಯಮನಮ್ಮ.

ನಾನು ಮನಸ್ಸಿನಲ್ಲೇ ನಕ್ಕೆ. ಆರು ಮಂದಿ ಇದ್ದರು. ಜಂಬಮ್ಮನನ್ನು ಬಿಟ್ಟಳು, ಹಳೆಯ ಚಾಳಿ ಎಂದುಕೊಂಡೆ.

"ಹೆಸರು ಹೇಳವ್ವ."

"ಸಾಬಣ್ಣ. ನಾನು ಯಮನಮ್ಮ. ಹನುಮಂತ್ರಾಯ, ಬೀರಪ್ಪ. ಜಂಬಮ್ಮ."

ಜಂಬಮ್ಮನ ಹೆಸರು ಬಂದಿತ್ತು. ನಾನು ಚಹಾದ ಕಪ್ಪು ಕೆಳಗಿಟ್ಟೆ. ಮೊರದಲ್ಲಿ ಆಡುತ್ತಿದ್ದ ಬೆರಳುಗಳು ನಿಂತಿದ್ದವು. ಅನ್ನಮ್ಮನವರಿಗೆ ನನಗಿಂತ ಮೊದಲೇ ತಿಳಿದಿತ್ತು. ಯಮನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬೇರೆ ಕಡೆ ನೋಡುತ್ತ ನಿಂತಿದ್ದಳು.

ಅನ್ನಮ್ಮನವರು, "ಮಹಾಂತಯ್ಯನವರ, ಪೆನ್ನು ಅದ ಏನ್ರಿ?" ಎಂದರು.

"ಅದ ರೀ."

"ಹಂಗಾದ್ರ ಪಕ್ಕದಾಗ ಒಂದು ಬರೀರಿ. ನನಗ ಈಗ ಗೆರಿ ಕಾಣಂಗಿಲ್ಲ."

ಜಿಲಾನಿ ಪಾಷಾನ ಕೈಯಿಂದ ಕಾಗದ ಇಸಿದುಕೊಂಡು ಐದರ ಪಕ್ಕದಲ್ಲಿ ಒಂದು ಬರೆದೆ, ಕೆಳಗೆ ಅನ್ನಮ್ಮ ಎಂದು ಬರೆದೆ. ಯಮನಮ್ಮ ಒಲೆ ನೋಡುವ ನೆಪದಲ್ಲಿ ಒಳಗೆ ಹೋದಳು. ಜಿಲಾನಿ ಪಾಷಾ ಕಾಗದ ಮಡಿಚಿಕೊಳ್ಳುತ್ತ, "ಮೊದಲ ಸರಿಯಾಗಿ ಎಣಿಸಿ ಹೇಳಬಾರದೇನ್ರಿ ಆಕಿ" ಎಂದು ಗೊಣಗಿದ.

"ಸರಿಯಾಗೇ ಎಣಿಸ್ಯಾಳಪ್ಪ" ಎಂದೆ ನಾನು.